ಬಿಟ್ಟ ಕುಡಿತ ಮರಳುವುದೇಕೆ? ಇಲಿಗಳು ಕಲಿಸಿದ ಪಾಠ

ಕುಡಿತ ಬಿಟ್ಟು ಮೂರು ತಿಂಗಳು ನೆಟ್ಟಗಿದ್ದವನು ಒಂದು ಸಂಜೆ ಮತ್ತೆ ಕುಡಿದು ಮನೆಗೆ ಬಂದರೆ ಊರಿನವರು ಏನೆನ್ನುತ್ತಾರೆ? "ನಾಯಿ ಬಾಲ ಡೊಂಕೇ" ಎಂದು ಕೈತೊಳೆದುಕೊಳ್ಳುತ್ತಾರೆ. ಈ ತೀರ್ಪು ಎಷ್ಟು ಸರಿ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಕಳೆದ ಶತಮಾನದಲ್ಲಿ ಪ್ರಯೋಗಾಲಯದಲ್ಲಿ ಉತ್ತರ ಹುಡುಕಿದರು. ಆ ಇತಿಹಾಸವನ್ನು ವಿದ್ಯಾರ್ಥಿ ಮಿತ್ರರು ತಿಳಿದಿರುವುದು ಒಳ್ಳೆಯದು.

ಮೊದಲ ಔಷಧ ದೊರೆತದ್ದು ಆಕಸ್ಮಿಕವಾಗಿ. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಹೊಟ್ಟೆಹುಳುವಿಗೆ ಮದ್ದು ಹುಡುಕುತ್ತ ಡೈಸಲ್ಫಿರಾಮ್ ಎಂಬ ರಾಸಾಯನಿಕವನ್ನು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. ತಾವೂ ಅದನ್ನು ನುಂಗಿ ನೋಡಿದರು. ಅನಂತರ ಮದ್ಯ ಸೇವಿಸಿದಾಗ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಮೈಯೆಲ್ಲ ಸಂಕಟವಾಯಿತು. ಮದ್ಯ ದೇಹದಲ್ಲಿ ಒಡೆದಾಗ ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ನಾಶವಾಗದಂತೆ ಈ ಔಷಧ ತಡೆಯುತ್ತದೆ. 1948ರಲ್ಲಿ ಈ ಸಂಗತಿ ಪ್ರಕಟವಾಯಿತು. ಆದರೆ ಡೈಸಲ್ಫಿರಾಮ್ ಮಾಡುವುದು ಹೆದರಿಸುವ ಕೆಲಸ ಮಾತ್ರ. ಕುಡಿಯಬೇಕೆಂಬ ಹಂಬಲ ಹಾಗೆಯೇ ಉಳಿಯುತ್ತದೆ. ಹಂಬಲ ಹೆಚ್ಚಾದವನು ಮಾತ್ರೆಯನ್ನೇ ಬಿಟ್ಟುಬಿಡುತ್ತಾನೆ.

ಹಾಗಾದರೆ ಹಂಬಲದ ಮೂಲ ಎಲ್ಲಿದೆ? 1960ರ ದಶಕದ ಕೊನೆಯಲ್ಲಿ ಜಾನ್ ಡೇವಿಡ್ ಸಿಂಕ್ಲೇರ್ ಮತ್ತು ಸೆಂಟರ್ ಎಂಬ ಸಂಶೋಧಕರು ಇಲಿಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಬಹುಕಾಲ ಮದ್ಯ ಕುಡಿದು ರೂಢಿಯಾದ ಇಲಿಗಳಿಗೆ ಕೆಲವು ದಿನ ಅದನ್ನು ತಪ್ಪಿಸಿ ಮತ್ತೆ ಕೊಟ್ಟರೆ, ಅವು ಮೊದಲಿಗಿಂತ ಹೆಚ್ಚು ಕುಡಿಯುತ್ತಿದ್ದವು. ಇಲಿಗೆ ಕೆಟ್ಟ ಸಹವಾಸವಿಲ್ಲ, ಸಾಲದ ಚಿಂತೆಯಿಲ್ಲ. ಆದರೂ ಅದು ಮರಳಿತು. ಅಂದಮೇಲೆ ಇದರಲ್ಲಿ ಮೆದುಳಿನ ಪಾತ್ರವೂ ಇದೆ ಎಂದಾಯಿತು.

ನಾಲ್ಟ್ರೆಕ್ಸೋನ್ ಎಂಬುದು ಅಫೀಮಿನ ಜಾತಿಯ ವಸ್ತುಗಳು ಮೆದುಳಿನಲ್ಲಿ ಕೆಲಸ ಮಾಡದಂತೆ ತಡೆಯುವ ಔಷಧ. ಅದನ್ನು ಕೊಟ್ಟ ಮಂಗಗಳು ಮದ್ಯ ಪಡೆಯುವುದನ್ನು ಕಡಿಮೆ ಮಾಡಿದ್ದು 1980ರಲ್ಲಿ ವರದಿಯಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವಾಲ್ಪಿಚೆಲ್ಲಿ ಇಲಿಗಳಲ್ಲಿ ಇನ್ನೊಂದನ್ನು ಗಮನಿಸಿದರು. ವಿದ್ಯುತ್ ಆಘಾತಕ್ಕೆ ಒಳಗಾದ ಇಲಿಗಳು ಆ ಬಳಿಕ ಹೆಚ್ಚು ಕುಡಿಯುತ್ತಿದ್ದವು. ನಾಲ್ಟ್ರೆಕ್ಸೋನ್ ಕೊಟ್ಟರೆ ಆ ಹೆಚ್ಚಳ ಕಾಣುತ್ತಿರಲಿಲ್ಲ. ಇದೇ ಸುಳಿವು ಹಿಡಿದು ಅವರು ಮದ್ಯವ್ಯಸನಿಗಳಾದ 70 ಪುರುಷರಲ್ಲಿ 12 ವಾರಗಳ ಪರೀಕ್ಷೆ ನಡೆಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 54ರಷ್ಟು ಮಂದಿ ಮತ್ತೆ ವ್ಯಸನಕ್ಕೆ ಜಾರಿದರು. ನಾಲ್ಟ್ರೆಕ್ಸೋನ್ ಪಡೆದವರಲ್ಲಿ ಶೇ. 23. ಯೇಲ್ ವಿಶ್ವವಿದ್ಯಾಲಯದ ಸ್ಟೆಫನಿ ಒಮ್ಯಾಲಿಯವರ ತಂಡವೂ ಅದೇ ವರ್ಷ ಔಷಧದ ಪರವಾದ ಫಲಿತಾಂಶವನ್ನೇ ಪ್ರಕಟಿಸಿತು. 1994ರ ಕೊನೆಗೆ ಅಮೆರಿಕ ಸರಕಾರ ಮದ್ಯವ್ಯಸನದ ಚಿಕಿತ್ಸೆಗೂ ಈ ಔಷಧಕ್ಕೆ ಒಪ್ಪಿಗೆ ನೀಡಿತು.

ಫ್ರಾನ್ಸಿನಲ್ಲಿ ಅಕಾಂಪ್ರೊಸೇಟ್ ಎಂಬ ಔಷಧವೂ ಇಲಿಗಳಿಂದ ಮನುಷ್ಯರ ಕಡೆಗೆ ಹೀಗೆಯೇ ಸಾಗಿಬಂತು. ಅಲ್ಲಿ 1989ರಲ್ಲಿ, ಅಮೆರಿಕದಲ್ಲಿ 2004ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಆದರೆ 2006ರಲ್ಲಿ ಪ್ರಕಟವಾದ, 1383 ಮಂದಿ ಭಾಗವಹಿಸಿದ್ದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ನಾಲ್ಟ್ರೆಕ್ಸೋನ್ ನೆರವಾಯಿತು, ಅಕಾಂಪ್ರೊಸೇಟ್‌ನಿಂದ ಪ್ರಯೋಜನ ಕಾಣಲಿಲ್ಲ. ಬೇರೆ ಹಲವು ಪರೀಕ್ಷೆಗಳು ಅದರ ಪರವಾಗಿವೆ.

ಇಲಿಯ ಮಾತು ಮನುಷ್ಯನಿಗೆ ಯಾವಾಗಲೂ ಅನ್ವಯಿಸುವುದಿಲ್ಲ. ಒತ್ತಡದ ಸಂಕೇತವನ್ನು ಮೆದುಳಿನಲ್ಲಿ ತಡೆಯುವ ಔಷಧಗಳು ಇಲಿಗಳು ಕುಡಿತಕ್ಕೆ ಮರಳುವುದನ್ನು ಚೆನ್ನಾಗಿ ತಡೆದವು. ಅದೇ ಜಾತಿಯ ಪೆಕ್ಸಸರ್ಫಾಂಟ್ ಮತ್ತು ವೆರುಸರ್ಫಾಂಟ್ ಔಷಧಗಳನ್ನು ವ್ಯಸನಿಗಳಿಗೆ ಕೊಟ್ಟು ನೋಡಿದಾಗ ಹಂಬಲ ಕಡಿಮೆಯಾಗಲಿಲ್ಲವೆಂದು 2015 ಮತ್ತು 2016ರ ವರದಿಗಳು ತಿಳಿಸಿದವು. ಪಂಜರದ ಇಲಿಗೆ ಹೆಂಡತಿ ಮಕ್ಕಳಿಲ್ಲ, ನಾಚಿಕೆಯಿಲ್ಲ, ನಾಳೆಯ ಆಸೆಯೂ ಇಲ್ಲ. ಮೂಕಪ್ರಾಣಿಗಳಿಗೆ ನೋವು ಕೊಟ್ಟು ಪಡೆದ ಜ್ಞಾನವಿದು ಎಂಬುದನ್ನೂ ಮರೆಯಬಾರದು. ಹಾಗೆ ಪಡೆದದ್ದನ್ನು ಬಳಸದೆ ಬಿಡುವುದು ಇನ್ನೂ ದೊಡ್ಡ ತಪ್ಪಾದೀತು.

ಒಂದು ಎಚ್ಚರಿಕೆಯ ಮಾತು. ಈ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಯಾರೂ ಬಳಸಕೂಡದು. ಮುಖ್ಯವಾಗಿ ಡೈಸಲ್ಫಿರಾಮನ್ನು ವ್ಯಸನಿಗೆ ತಿಳಿಸದೆ ಊಟದಲ್ಲಿ ಬೆರೆಸಿ ಕೊಟ್ಟರೆ, ಅವನು ಕುಡಿದಾಗ ಪ್ರಾಣಕ್ಕೇ ಅಪಾಯವಾಗಬಹುದು.

ಮತ್ತೆ ಜಾರಿದವನ ತಪ್ಪಿಗೆ ಇಲಿಯನ್ನು ಸಾಕ್ಷಿಯಾಗಿ ನಿಲ್ಲಿಸಿ ಅವನನ್ನು ನಿರ್ದೋಷಿಯೆನ್ನುವುದು ಈ ಲೇಖನದ ಉದ್ದೇಶವಲ್ಲ. ಅವನ ಹೊಣೆ ಅವನದೇ. ಆದರೆ ಸಕ್ಕರೆ ಕಾಯಿಲೆ ಮರುಕಳಿಸಿದವನನ್ನು ನಾವು ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ಮನೆಯಿಂದ ಹೊರಗೆ ಹಾಕುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ಬಿದ್ದವನ ಕೈಹಿಡಿದು ವೈದ್ಯರ ಬಳಿ ಕರೆದೊಯ್ಯುವವರು ನಮ್ಮ ನಡುವೆ ಹೆಚ್ಚಬೇಕು. ಕಲಿತವರ ಮೇಲೆ ಈ ಹೊಣೆ ಇನ್ನೂ ಹೆಚ್ಚು.