ತೀರ್ಪಿನ ತರುವಾಯದ ವಕೀಲ ಶುಲ್ಕ

ಡಿಕ್ರಿಗೆ ಅಂಕಿತ ಬಿದ್ದೊಡನೆ ವಿಚಾರಣಾ ನ್ಯಾಯಾಲಯಕ್ಕೆ ಆ ದಾವೆಯ ಋಣ ತೀರಿತೆಂದು ಭಾವಿಸುವುದು ನಮ್ಮ ವಕೀಲರಿಗೆ ಸಹಜವಾಗಿದೆ. ಏಕೆಂದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಆದೇಶದ 6ನೆಯ ನಿಯಮವು, ದಾವೆಯ ಖರ್ಚೆಷ್ಟು, ಅದನ್ನು ಯಾರು, ಯಾವ ಸ್ವತ್ತಿನಿಂದ, ಯಾವ ಪ್ರಮಾಣದಲ್ಲಿ ತೆರತಕ್ಕದ್ದೆಂಬುದನ್ನು ಡಿಕ್ರಿಯಲ್ಲಿಯೇ ನಮೂದಿಸಬೇಕೆಂದು ವಿಧಿಸಿದೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಂಪ್ರದಾಯ ಬೇರೆ. ಗೆದ್ದವನೂ ತನ್ನ ವಕೀಲನ ಶುಲ್ಕವನ್ನು ತಾನೇ ಭರಿಸಬೇಕೆಂಬ ನಿಯಮ ಅಲ್ಲಿ 1796ರ ಆರ್ಕಂಬೆಲ್ ಮೊಕದ್ದಮೆಯಷ್ಟು ಹಳೆಯದು. ಶಾಸನ, ಕರಾರು, ಸಮನ್ಯಾಯ ಇವು ಅದಕ್ಕೆ ಅಪವಾದಗಳು. ಆ ಅಪವಾದವನ್ನು ಆಶ್ರಯಿಸಿದವನು ತೀರ್ಪು ಹೊರಬಿದ್ದ ಮೇಲೆ ಬಂದರೆ, ಅವನ ಮಾತನ್ನು ಆಲಿಸುವ ಅಧಿಕಾರ ನ್ಯಾಯಾಲಯಕ್ಕೆ ಉಳಿದಿರುತ್ತದೆಯೆ?

ಈ ಪ್ರಶ್ನೆಗೆ ಮೂಲಭೂತವಾದ ಉತ್ತರ 1939ರ ಸ್ಪ್ರಾಗ್ ಪ್ರಕರಣದಲ್ಲಿದೆ. ಮೇನ್ ಸಂಸ್ಥಾನದ ಟೈಕಾನಿಕ್ ಬ್ಯಾಂಕು ದಿವಾಳಿಯಾದಾಗ, ತನ್ನ ಟ್ರಸ್ಟ್ ನಿಧಿಗೆ ಮೀಸಲಾಗಿದ್ದ ಬಾಂಡುಗಳ ಮೇಲೆ ಹಕ್ಕು ಸ್ಥಾಪಿಸಿ ಗೆದ್ದ ಮಹಿಳೆಯೊಬ್ಬಳು, ತನ್ನ ಜಯದಿಂದ ಇನ್ನೂ ಹದಿನಾಲ್ಕು ಟ್ರಸ್ಟುಗಳ ಹಕ್ಕು ಸಿದ್ಧಿಸಿತೆಂಬ ನೆಲೆಯಲ್ಲಿ, ಆ ಬಾಂಡುಗಳ ಹಣದಿಂದಲೇ ವಕೀಲರ ಶುಲ್ಕವನ್ನು ಕೊಡಿಸಬೇಕೆಂದು ಪ್ರಾರ್ಥಿಸಿದಳು. ಅವಳು ಆ ಟ್ರಸ್ಟುಗಳ ಪ್ರತಿನಿಧಿಯಾಗಿ ದಾವೆ ಹೂಡಿದವಳಲ್ಲ. ಅಧಿಕಾರವಿಲ್ಲವೆಂದು ಕೆಳಗಿನ ನ್ಯಾಯಾಲಯಗಳು ಕೈಚೆಲ್ಲಿದರೂ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಇದು ಮೂಲ ಡಿಕ್ರಿಯನ್ನು ತಿದ್ದುವ ಕೋರಿಕೆಯಲ್ಲ, ಅದಕ್ಕೆ ಪೂರಕವಾದ ಸ್ವತಂತ್ರ ವ್ಯವಹರಣೆ ಎಂದು ನಿರ್ಣಯಿಸಿದರು. ಶುಲ್ಕ ಕೊಡಿಸಲೇಬೇಕೆಂದು ಮಾತ್ರ ಅವರು ಹೇಳಲಿಲ್ಲ. ಅದು ವಿಚಾರಣಾ ನ್ಯಾಯಾಲಯದ ವಿವೇಚನೆಗೆ ಉಳಿಯಿತು.

ಈ ತತ್ತ್ವವೇ 1982ರಲ್ಲಿ ವೈಟ್ ಎಂಬ ವಾದಿಯನ್ನು ಕಾಪಾಡಿತು. ನಿರುದ್ಯೋಗ ಪರಿಹಾರದ ವಿಳಂಬವನ್ನು ಕುರಿತ ದಾವೆಯಲ್ಲಿ ರಾಜಿ ಡಿಕ್ರಿ ಪಡೆದು, ಸುಮಾರು ನಾಲ್ಕೂವರೆ ತಿಂಗಳ ಬಳಿಕ ಅವನು ಸಲ್ಲಿಸಿದ ಶುಲ್ಕದ ಅರ್ಜಿಗೆ, ತೀರ್ಪಿನ ತಿದ್ದುಪಡಿಗೆ ವಿಧಿಸಿದ್ದ ಹತ್ತು ದಿನಗಳ ಅವಧಿ ಅನ್ವಯಿಸದೆಂದು ಸುಪ್ರೀಂ ಕೋರ್ಟು ಸಾರಿತು. ಆದರೆ ವೈಟನಿಗೆ ದಡವಾದದ್ದು ಆರೇ ವರ್ಷಗಳಲ್ಲಿ ಬುಡಿನಿಚ್ ಎಂಬವನಿಗೆ ಸುಳಿಯಾಯಿತು. ಶುಲ್ಕದ ಮೊತ್ತ ಇತ್ಯರ್ಥವಾಗಲೆಂದು ಕಾದು ಅವನು ಹೂಡಿದ ಅಪೀಲು, ಶುಲ್ಕವು ಪ್ರತ್ಯೇಕ ವಿಷಯವಾದ ಕಾರಣ ಮೂಲ ತೀರ್ಪು ಆಗಲೇ ಅಂತಿಮವಾಗಿತ್ತೆಂಬ ನ್ಯಾಯದ ಮೇರೆಗೆ, ಅವಧಿ ಮೀರಿದ್ದೆಂದು ತಳ್ಳಲ್ಪಟ್ಟಿತು. ಅಧಿಕಾರದ ಅವಿಚ್ಛಿನ್ನತೆಗೆ ತೆತ್ತ ಬೆಲೆಯೆಂದರೆ ಇದೇ.

1993ರಲ್ಲಿ ಫೆಡರಲ್ ಸಿವಿಲ್ ಪ್ರಕ್ರಿಯೆಯ ನಿಯಮ ತಿದ್ದುಪಡಿಯಾಗಿ, ಶಾಸನ ಅಥವಾ ನ್ಯಾಯಾಲಯದ ಆದೇಶ ಬೇರೆ ಹೇಳದಿದ್ದರೆ, ತೀರ್ಪು ದಾಖಲಾದ 14 ದಿನಗಳೊಳಗೆ ಶುಲ್ಕದ ಅರ್ಜಿ ಸಲ್ಲತಕ್ಕದ್ದೆಂದಾಯಿತು. ಆದರೂ ಕರಾರಿನ ಮೂಲಕ ಪ್ರಾಪ್ತವಾಗುವ ಶುಲ್ಕ ಬಾಕಿಯಿರುವಾಗ ಮೂಲ ತೀರ್ಪು ಅಪೀಲಿಗೆ ಅಂತಿಮವೆ ಎಂಬ ಸಂದೇಹ ಉಳಿದೇ ಇತ್ತು. ಅಂಥ ಶುಲ್ಕ ಕರಾರುಭಂಗದ ಪರಿಹಾರಕ್ಕೆ ಎಷ್ಟು ಸಮೀಪವೆಂಬುದನ್ನು ಬಲ್ಲವರಿಗೆ, 2014ರ ರೇ ಹಲೂಕ್ ಗ್ರಾವೆಲ್ ತೀರ್ಪು ತುಸು ಬಿರುಸಾಗಿ ತೋರೀತು: ಶುಲ್ಕದ ಮೂಲ ಶಾಸನವಾಗಲಿ ಕರಾರಾಗಲಿ, ಅಪೀಲಿನ ಗಡಿಯಾರ ಮೂಲ ತೀರ್ಪಿನಿಂದಲೇ ಓಡತೊಡಗುತ್ತದೆಂದು ಅದು ಏಕರೂಪತೆಯ ಹೆಸರಿನಲ್ಲಿ ವಿಧಿಸಿತು.