ಮನಸ್ಸಿನ ಮಂಡಿಗೆ

ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರ ಗುಡಿಗಳು ಉಳಿದವು. ಅವರ ಅಡುಗೆಮನೆ ಉಳಿಯಲಿಲ್ಲ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠಿಸಿದ. ಆ ಕಾಲದ ದಾನಶಾಸನಗಳು ನೈವೇದ್ಯಕ್ಕೆ ಬಿಟ್ಟ ಭೂಮಿಯನ್ನು ಹೇಳುತ್ತವೆ. ಭಕ್ಷ್ಯ ಮಾಡಿದ ಕೈಯನ್ನು ಹೇಳುವುದಿಲ್ಲ.

ಆ ಕೈಯ ಸುಳಿವು ನನಗೆ ದೊರೆತದ್ದು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ. ಅದನ್ನು ರಚಿಸಿದವನು ವಿಷ್ಣುವರ್ಧನನ ಸಮಕಾಲೀನನಾದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಗೋದಿಯ ಕಣಕವನ್ನು ಕೈಯಲ್ಲೇ ಹಿಗ್ಗಿಸಿ, ಕವುಚಿಟ್ಟ ಕಾದ ಮಡಕೆಯ ಮೇಲೆ ಬೇಯಿಸುವ ‘ಮಂಡಕ’ವನ್ನು ಅವನು ವರ್ಣಿಸಿದ್ದಾನೆ. ಅದೇ ನಮ್ಮ ಮಂಡಿಗೆ.

ಹಾಸನದ ಸೀಮೆಯಲ್ಲಿ ನಾವು ಅದನ್ನು ಹೆಚ್ಚಾಗಿ ಮನಸ್ಸಿನಲ್ಲೇ ಮೆಲ್ಲುತ್ತೇವೆ. ಮದುವೆಯ ಎಲೆಗೆ ಬರುವುದು ಅದರ ಬಳಗದ ಚಿರೋಟಿ: ಪದರಗಳ ನಡುವೆ ತುಪ್ಪ, ಅಕ್ಕಿಹಿಟ್ಟಿನ ಸಾಟಿ, ಮೇಲೆ ಸಕ್ಕರೆ, ಬಾದಾಮಿ ಹಾಲು. ಹಿಟ್ಟಿನ ಪದರಕ್ಕೂ ಹಾಲಿಗೂ ಇರುವ ಈ ನಂಟನ್ನು ದೂರದ ಗ್ರೀಕರೂ ಬಲ್ಲರು. ಹಾಲು, ಮೊಟ್ಟೆ, ರವೆಯ ಪಾಕವನ್ನು ತೆಳುಹಾಳೆಗಳ ನಡುವೆ ಬೇಯಿಸಿ, ಸಕ್ಕರೆಪಾಕ ಎರೆದು ‘ಗಲಾಕ್ತೊಬೂರೆಕೊ’ ಎನ್ನುತ್ತಾರೆ. ಆ ಹಾಳೆಗೆ ಅವರಿಟ್ಟ ಹೆಸರು ‘ಫಿಲೊ’, ಎಂದರೆ ಎಲೆ.

ಬೆಳಗಾವಿಯ ಕಡೆ ಇಂದಿಗೂ ಮಂಡಿಗೆ ಕವುಚಿದ ಪಾತ್ರೆಯ ಮೇಲೆ ಬೇಯುತ್ತದೆ. ಆ ಕೈಗಳನ್ನು ನೋಡದವನಿಗೆ ಸೋಮೇಶ್ವರನ ಶ್ಲೋಕ ಬರಿಯ ಒಗಟು. ಕಲ್ಲು ಒಂಬೈನೂರು ವರ್ಷ ಕಾದಿದೆ. ಈ ವಿದ್ಯೆಯಾದರೋ ಒಂದು ತಲೆಮಾರು ಕಲಿಯದೆ ಬಿಟ್ಟರೆ ಗಾದೆಯಲ್ಲಷ್ಟೇ ಉಳಿದೀತು.