ಪಿತ್ತದ ದಾರಿ ಕಟ್ಟಿದಾಗ

ಬೆಣ್ಣಿಹಳ್ಳದ ದಂಡೆಯ ಯಮನೂರು ಇರಲಿ, ನವಲಗುಂದ ಸೀಮೆಯ ಬೇರೆ ಹಳ್ಳಿ ಇರಲಿ, ಕಣ್ಣು ಹಳದಿಯಾದರೆ ಮನೆಯವರು ಮೊದಲು ವಿಚಾರಿಸುವುದು ಕಾಮಣಿ ಔಷಧ ಯಾರು ಕೊಡ್ತಾರ ಎಂದು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಾರೆ, ಎಣ್ಣೆ-ಖಾರ ಬಿಡಿಸುತ್ತಾರೆ. ಬಹಳ ಮಂದಿಗೆ ಗುಣವೂ ಆಗುತ್ತದೆ. ಕೆಟ್ಟ ನೀರಿನಿಂದ ಬರುವ ಎ ಮತ್ತು ಇ ವೈರಾಣುಗಳ ಕಾಮಣಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದ್ದು. ಗರ್ಭಿಣಿಯರಿಗೆ ಮಾತ್ರ ಇ ವೈರಾಣು ಪ್ರಾಣಕ್ಕೇ ಎರವಾಗಬಲ್ಲದು. ಪಿತ್ತನಾಳ ಕಟ್ಟಿಕೊಂಡು ಬರುವ ಕಾಮಣಿಯ ರೀತಿಯೇ ಬೇರೆ. ಅದು ಪಥ್ಯಕ್ಕೆ ಜಗ್ಗುವುದಿಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತದ್ದೇ ಪಿತ್ತಾಂಗಗಳ ವೈದ್ಯದಲ್ಲಿ ಆದ ದೊಡ್ಡ ಬೆಳವಣಿಗೆ ಎಂದು ನನಗನಿಸುತ್ತದೆ.

ಈ ಭೇದದ ಸುಳಿವು ಚರಕ ಸಂಹಿತೆಯಲ್ಲಿಯೇ ಇದೆ. ಒಂದು ಬಗೆಯ ಕಾಮಾಲೆಯಲ್ಲಿ ಮಲ ಅರೆದ ಎಳ್ಳಿನಂತಿರುತ್ತದೆ, ಕಫವು ಪಿತ್ತದ ದಾರಿಯನ್ನು ತಡೆದಿರುತ್ತದೆ ಎಂದು ಅದು ಹೇಳುತ್ತದೆ. ಕಾರಣದ ಮಾತು ಹಾಗಿರಲಿ, ಕಂಡದ್ದು ಅಪ್ಪಟ ಸತ್ಯ. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ಸ್ರವಿಸುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದು ಉಳಿದ ಬಿಲಿರುಬಿನ್ ಅದರ ಜೊತೆ ಕರುಳಿಗಿಳಿದು ಮಲಕ್ಕೆ ಕಂದು ಬಣ್ಣ ಕೊಡುತ್ತದೆ. ನಾಳ ಕಟ್ಟಿದರೆ ಮಲ ಬಿಳಿಚುತ್ತದೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೈಯೆಲ್ಲ ತುರಿಕೆ. ವೈರಾಣುವಿನ ಕಾಮಣಿಯಲ್ಲೂ ಮಲ ಕೆಲದಿನ ಮಾಸಲಾಗುವುದುಂಟು; ಆ ಸಂಶಯವನ್ನು ಬಹುಮಟ್ಟಿಗೆ ಕಳೆಯುವುದು ಸ್ಕ್ಯಾನಿಂಗ್.

ಪಿತ್ತಲವಣಗಳಿಲ್ಲದೆ ಜಿಡ್ಡು ಸರಿಯಾಗಿ ಅರಗುವುದಿಲ್ಲ, ಜಿಡ್ಡಿನಲ್ಲಿ ಕರಗುವ ಕೆ ಜೀವಸತ್ವವೂ ಮೈಗೆ ಹತ್ತುವುದಿಲ್ಲ. ಅದು ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಕಾಮಾಲೆ ಇದ್ದವರ ಹೊಟ್ಟೆ ಕೊಯ್ಯಲು ಹಿಂದಿನ ಸರ್ಜನ್ನರು ಅಂಜುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಈ ಜೀವಸತ್ವವನ್ನು ಗುರುತಿಸಿದ್ದು 1930ರ ದಶಕದಲ್ಲಿ. 1943ರ ನೊಬೆಲ್ ಅದಕ್ಕೇ ಸಂದಿತು. ಪಿತ್ತಕೋಶದ ಚರಿತ್ರೆ ಬರೆಯುವವರು ಕತ್ತಿ ಹಿಡಿದವರನ್ನು ಹೊಗಳುವಷ್ಟು ಡಾಮ್‌ನನ್ನು ನೆನೆಯುವುದಿಲ್ಲ, ನೆನೆಯಬೇಕು.

ಕತ್ತಿಯ ಕಥೆ ಬೇಗ ಹೇಳಬಹುದು. 1882ರ ಜುಲೈ 15ರಂದು ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ನಾಳ ಕಟ್ಟಬಲ್ಲ ಪಿತ್ತದ ಕಲ್ಲನ್ನಷ್ಟೇ ಅಲ್ಲ, ಪಿತ್ತಕೋಶವನ್ನೇ ತೆಗೆದರು. ಕುದುರೆಗೂ ಆನೆಗೂ ಆ ಚೀಲವೇ ಇಲ್ಲ; ಅದಿಲ್ಲದೆಯೂ ಪಿತ್ತರಸ ನೇರ ಕರುಳಿಗೆ ಹರಿಯುತ್ತದೆ. 1968ರಲ್ಲಿ ಬಾಯಿಯಿಂದ ದುರ್ಬೀನು ಇಳಿಸಿ ಪಿತ್ತನಾಳದ ಬಾಯಿ ಮುಟ್ಟುವ ವಿಧಾನ ಬಂತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳಿಂದಲೇ ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈಯ ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಈಗ ಯಮನೂರಿನವರು ಇದಕ್ಕಾಗಿ ಮುಂಬೈ ದಾರಿ ಹಿಡಿಯಬೇಕಿಲ್ಲ. 1957ರಲ್ಲಿ ಶುರುವಾದ, ಜನ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆ ಹುಬ್ಬಳ್ಳಿಯಲ್ಲೇ ಇದೆ.

ಕಲ್ಲುಗಳಲ್ಲೂ ಜಾತಿಗಳಿವೆ. ಉತ್ತರ ಭಾರತದಲ್ಲಿ ಕೊಲೆಸ್ಟರಾಲ್ ಕಲ್ಲು ಹೆಚ್ಚು, ದಕ್ಷಿಣದಲ್ಲಿ ಬಿಲಿರುಬಿನ್ನಿನ ಕಪ್ಪು-ಕಂದು ಕಲ್ಲಿನ ಪಾಲು ದೊಡ್ಡದು. ಕೂಸಿಗೆ ತೇಯ್ದು ನೆಕ್ಕಿಸುವ ಗೋರೋಚನವೂ ದನದ ಪಿತ್ತಕೋಶದ ಬಿಲಿರುಬಿನ್ ಕಲ್ಲೇ. ಕಲ್ಲಿದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ಹೆಚ್ಚಿನವರಿಗೆ ಅದು ನೋವನ್ನೇ ಕೊಡುವುದಿಲ್ಲ.

ಹಸುಗೂಸಿನ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ಹುಟ್ಟಿದ ಎರಡು-ಮೂರನೇ ದಿನ ಕಾಣುವ ಹಳದಿ ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಆಮೇಲೂ ಉಳಿದು, ಮಲ ಸುಣ್ಣದಂತೆ ಬಂದರೆ ಪಿತ್ತನಾಳ ಮುಚ್ಚಿಹೋಗಿರಬಹುದು. ಸಣ್ಣಕರುಳನ್ನು ಯಕೃತ್ತಿಗೇ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಜಪಾನಿನ ಮೊರಿಯೊ ಕಸಾಯಿ 1950ರ ದಶಕದಲ್ಲಿ ರೂಪಿಸಿದರು. 60 ದಿನ ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ತೈವಾನಿನಲ್ಲಿ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳ ಚಿತ್ರವಿರುವ ಕಾರ್ಡು ಸಿಗುತ್ತಿದೆ. ನಮ್ಮ ಅಂಗನವಾಡಿಗಳಲ್ಲೂ ತಾಯಿ ಕಾರ್ಡಿನ ಜೊತೆ ಅಂಥದ್ದೊಂದು ಹಾಳೆ ಕೊಡಬೇಕು. ದುಪ್ಪಟಿಯ ಮೇಲಿನ ಬಿಳಿಚಿದ ಕಲೆಯನ್ನು ತಾಯಿ ಅದರೊಂದಿಗೆ ಹೋಲಿಸಿ ನೋಡಿ, ಆಶಾ ಕಾರ್ಯಕರ್ತೆಗೆ ತೋರಿಸಿ, ಕೂಸನ್ನು ಅದೇ ವಾರ ಹುಬ್ಬಳ್ಳಿಗೆ ಕರೆದೊಯ್ಯುವಂತಾಗಬೇಕು.